ಕೊರಕ ಬಿದ್ದ ಗಂಧದ ಗಿಡ ಪರವಾನಗಿಗೆ ಕಾಯದು

ಕಬ್ಬೊಂದನ್ನೇ ನಂಬುವುದು ಬೇಡವೆಂದು ನಮ್ಮ ಗಡಹಿಂಗ್ಲಜ ಸೀಮೆಯ ಕೆಲವರು ಹೊಲದ ಒಡ್ಡಿನ ಮೇಲೆ ಗಂಧದ ಸಸಿ ಹಚ್ಚಿದ್ದಾರೆ. ನಾವೂ ಹಚ್ಚಿದವರೇ. ಹನ್ನೆರಡು ವರ್ಷ ಸಾಕಿದ ಮೇಲೆ, ಹೋದ ಮಳೆಗಾಲದಲ್ಲಿ ಗಿಡದ ಬುಡಕ್ಕೆ ಮರದ ಹೊಟ್ಟು ಉದುರಿದ್ದು ಕಂಡಿತು. ಮೇಲೆ ನೋಡಿದರೆ ತೂತು. ಕಾಂಡ ನೆಟ್ಟಗಾಗಲೆಂದು ಹಿಂದೆ ನಾವೇ ಟೊಂಗೆ ಸವರಿದ ಗಾಯದ ಮಗ್ಗುಲಲ್ಲೇ ಇತ್ತು. ತಪ್ಪು ನಮ್ಮದೂ ಇರಬೇಕು.

ಇದು ಉದ್ದ ಮೀಸೆಯ ದುಂಬಿಯ ಮರಿಹುಳದ ಕೆಲಸ. ದುಂಬಿ ತೊಗಟೆಯ ಬಿರುಕಿನಲ್ಲಿ ತತ್ತಿ ಇಡುತ್ತದೆ. ಮರಿ ಮೊದಲು ತೊಗಟೆಯ ಕೆಳಗೆ ತಿಂದು, ಬಲಿತಂತೆ ಒಳಗಿಳಿಯುತ್ತದೆ. ಎಲೆ ತಿನ್ನುವ ಹುಳ ಬಂದರೆ ಗಿಡ ಮತ್ತೆ ಚಿಗುರೀತು. ಗಂಧದ ಬೆಲೆಯೆಲ್ಲ ಇರುವುದು ಕೆಚ್ಚಿನಲ್ಲಿ. ಅದೇ ತೂತಾದರೆ ಉಳಿದದ್ದು ಒಲೆಯ ಕಟ್ಟಿಗೆ.

ತೂತು ಹೊಸದಿದ್ದಾಗ ತಂತಿ ಹಾಕಿ ಹುಳವನ್ನೆಳೆದು, ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ, ಮಣ್ಣು ಮೆತ್ತಬೇಕು. (ಸೀಮೆಎಣ್ಣೆ ಈಗ ಸಿಗುವುದು ಕಷ್ಟ; ಪೆಟ್ರೋಲೂ ನಡೆಯುತ್ತದೆ.) ಹೀಗೆ ಎರಡು ಗಿಡ ಉಳಿಸಿದೆವು. ಮೂರನೆಯದು ತುದಿಯಿಂದ ಒಣಗುತ್ತ ಬಂತು. ಅಂಥದನ್ನು ಕಡಿದು ಸೀಳಿ, ಹುಳ ಹತ್ತಿದ ಭಾಗ ಸುಡುವುದೊಂದೇ ದಾರಿ. ಇಲ್ಲವಾದರೆ ಒಳಗಿನ ಮರಿ ದುಂಬಿಯಾಗಿ ಹೊರಬಿದ್ದು ಮಗ್ಗುಲ ಗಿಡ ಹಿಡಿಯುತ್ತದೆ.

ಇಲ್ಲಿಯೇ ನಮ್ಮ ತಕರಾರು. ಮಹಾರಾಷ್ಟ್ರದ 1964ರ ಕಾಯದೆಯಂತೆ ಗಂಧ, ಸಾಗುವಾನಿ ಮೊದಲಾದವನ್ನು ಸ್ವಂತ ಹೊಲದಲ್ಲಿದ್ದರೂ ಪರವಾನಗಿಯಿಲ್ಲದೆ ಕಡಿಯುವಂತಿಲ್ಲ. ಕಾಯದೆಯೇ ಬೇಡವೆಂದು ನಾವು ಹೇಳೆವು. ಗಂಧಕ್ಕೆ ಹುಳಕ್ಕಿಂತ ಕಳ್ಳರ ಭಯ ಹೆಚ್ಚು. ಆದರೆ ಮಾರಲು ಕಡಿಯುವ ಗಿಡವನ್ನೂ ಹುಳ ಬಿದ್ದು ಸಾಯುವ ಗಿಡವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಯಾವ ನ್ಯಾಯ? ನಮ್ಮ ಅರ್ಜಿ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಕಾಂಡದಲ್ಲಿ ಬೆರಳು ಹೋಗುವಷ್ಟು ತೂತು ಬಿದ್ದಿತ್ತು. ದುಂಬಿ ಹಾರಿಹೋಗಿತ್ತು.

1997ರ ಸುಮಾರಿಗೆ ಮಧ್ಯಪ್ರದೇಶದ ಮಂಡಲಾ ಕಡೆಯ ಸಾಲವೃಕ್ಷದ ಕಾಡಿಗೆ ಇದೇ ಕುಲದ ಕೊರಕ ಬಿದ್ದಾಗ ಲಕ್ಷಗಟ್ಟಲೆ ಗಿಡ ಕಡಿಯಬೇಕಾಯಿತು. ಸರಕಾರದ ಕಾಡಿಗೆ ಹುಳ ಬಿದ್ದರೆ ಕೊಡಲಿ ಬೇಗ ಏಳುತ್ತದೆ. ರೈತನ ಒಡ್ಡಿಗೂ ಅದೇ ಅವಸರ ಇರಬೇಕು. ಕೊರಕದ ಅರ್ಜಿ ಬಂದ ಎಂಟು ದಿನದೊಳಗೆ ಸ್ಥಳ ನೋಡಿ ಅಪ್ಪಣೆ ಕೊಡಬೇಕೆಂದು ಊರೂರಿನ ರೈತರು ಕೂಡಿ ಕೇಳಬೇಕು.

ಅಷ್ಟರಲ್ಲಿ ಏಳು-ಬಾರಾ ಉತಾರದಲ್ಲಿ ಗಿಡಗಳ ನೋಂದಣಿ ಇಲ್ಲದವರು ಚಾವಡಿಗೆ ಹೋಗಿ ಮಾಡಿಸಿಕೊಳ್ಳಿರಿ. ಅದಿಲ್ಲದೆ ಪರವಾನಗಿ ಕೇಳಹೋದರೆ ಗಿಡ ನಮ್ಮದೆಂದು ತೋರಿಸುವುದೇ ಒಂದು ಕೆಲಸವಾಗುತ್ತದೆ. ಅರ್ಜಿ ಮರಾಠಿಯಲ್ಲಿ ಬೇಕು. ಬರೆಯಲು ಬಾರದವರು ಶಾಲೆ ಬಿಟ್ಟ ಮೇಲೆ ನಮ್ಮಲ್ಲಿಗೆ ಬರಲಿ, ಬರೆದುಕೊಡುತ್ತೇವೆ.