ಕುಡಿಮೀಸೆಗೆ ತಲುಪದ ಪರಿಮಳ

ರಸ್ತೆಗೋ ಅಣೆಕಟ್ಟಿಗೋ ಸಿದ್ಧಪಡಿಸುವ ಪರಿಸರ ಪರಿಣಾಮ ವರದಿಗಳಲ್ಲಿ ಚಿಟ್ಟೆಗಳಿಗೆ ದೊರೆಯುವುದು ಸಾಮಾನ್ಯವಾಗಿ ಒಂದು ಪಟ್ಟಿಯಷ್ಟೆ. ಇಂತಿಷ್ಟು ಪ್ರಭೇದಗಳು ಕಂಡುಬಂದವು ಎಂಬಲ್ಲಿಗೆ ಕೀಟಗಳ ಪ್ರಸ್ತಾಪ ಮುಗಿಯುತ್ತದೆ. ಚಾರ್ಮಾಡಿ ಘಾಟಿಯ ಬುಡದಲ್ಲಿರುವ ನೆರಿಯದಂತಹ ಊರಿಗೆ ಈ ಲೆಕ್ಕ ಸಾಲದು. ಚಿಟ್ಟೆಯನ್ನು ಕೊಲ್ಲದೆಯೇ ಅದರ ಬಾಳನ್ನು ಕೆಡಿಸಬಹುದು. ಅದು ಹೇಗೆಂದು ತಿಳಿಯಲು ಅದರ ಕುಡಿಮೀಸೆಯ ರಚನೆಯನ್ನು ನೋಡಬೇಕು.

ಬೆಂಕಿಕಡ್ಡಿಯಂತೆ ತುದಿಯಲ್ಲಿ ಉಬ್ಬಿರುವ ಈ ಜೋಡಿ ಎಳೆಗಳು ಬರಿಗಣ್ಣಿಗೆ ಅಲಂಕಾರದಂತೆ ತೋರುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿಯಲ್ಲಿ ಅವುಗಳ ಮೇಲೆ ಬಗೆಬಗೆಯ ಸಂವೇದನಾ ರೋಮಗಳು ಕಾಣುತ್ತವೆ: ಕೆಲವು ಉದ್ದನೆಯ ಕೂದಲಿನಂತೆ, ಕೆಲವು ಗಿಡ್ಡ ಗೂಟಗಳಂತೆ, ಮತ್ತೆ ಕೆಲವು ಪುಟ್ಟ ಕುಳಿಗಳಲ್ಲಿ ಹುದುಗಿದಂತೆ. ಕುಳಿಗಳಲ್ಲಿರುವ ಕೆಲವು ರೋಮಗಳು ಗಾಳಿಯ ತೇವವನ್ನೂ ಉಷ್ಣತೆಯನ್ನೂ ಅರಿಯುತ್ತವೆ. ವಾಸನೆ ಹಿಡಿಯುವ ರೋಮಗಳ ಗೋಡೆಯಲ್ಲಿ ಮಿಲಿಮೀಟರಿನ ಹತ್ತುಸಾವಿರದ ಒಂದು ಪಾಲಿಗಿಂತಲೂ ಕಿರಿದಾದ ರಂಧ್ರಗಳಿವೆ. ಹೂವಿನ ಗಂಧದ ಅಣುಗಳು ಅವುಗಳ ಮೂಲಕ ಒಳಸೇರುತ್ತವೆ. ಒಳಗಿನ ದ್ರವದಲ್ಲಿರುವ ಪ್ರೋಟೀನುಗಳು ಆ ಅಣುಗಳನ್ನು ನರಕೋಶದ ತುದಿಗೆ ಮುಟ್ಟಿಸುತ್ತವೆ.

ಇದು ವಾಸನೆಯ ಅಂಗ ಮಾತ್ರವೂ ಅಲ್ಲ. ಕುಡಿಮೀಸೆಯ ಎರಡನೆಯ ಗೆಣ್ಣಿನಲ್ಲಿ ಕಂಪನವನ್ನು ಗ್ರಹಿಸುವ ಜಾನ್‌ಸ್ಟನ್ ಅಂಗವಿದೆ. ಚಿಟ್ಟೆಯ ಹತ್ತಿರದ ಬಂಧುವಾದ ಪತಂಗದ ಕುಡಿಮೀಸೆಯ ಎಳೆಯನ್ನು ಕತ್ತರಿಸಿದರೆ ಹಾರಾಟ ತತ್ತರಿಸುತ್ತದೆ, ಎಳೆಯನ್ನು ಮತ್ತೆ ಅಂಟಿಸಿದರೆ ಸುಧಾರಿಸುತ್ತದೆ ಎಂದು ಸಂಜಯ್ ಸಾನೆ ಮತ್ತು ಸಂಗಡಿಗರು 2007ರಲ್ಲಿ ಅಮೆರಿಕದಲ್ಲಿ ತೋರಿಸಿದರು. ಸಾನೆಯವರು ಅನಂತರ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಕಣಗಿಲೆ ಎಲೆ ತಿಂದು ಬೆಳೆಯುವ ಪತಂಗದ ಮೇಲೆ ಈ ಬಗೆಯ ಶೋಧನೆಯನ್ನು ಮುಂದುವರಿಸಿದರು.

ಇಷ್ಟು ನಾಜೂಕಾದ ಅಂಗಕ್ಕೆ ತಲುಪುವ ಗಾಳಿ ಎಂತಹುದು? 2013ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ಸಾಸಿವೆಯ ಜಾತಿಯ ಹೂವಿನ ಗಂಧವನ್ನು ಡೀಸೆಲ್ ಹೊಗೆಯೊಡನೆ ಬೆರೆಸಿದಾಗ, ಅದರ ಎರಡು ಘಟಕಗಳು ಒಂದು ನಿಮಿಷದೊಳಗೆ ಇಲ್ಲವಾದವು. ಜೇನ್ನೊಣಗಳು ಆ ಗಂಧವನ್ನು ಗುರುತಿಸಲು ತಡವರಿಸಿದವು. 2022ರಲ್ಲಿ ರೆಡಿಂಗ್ ವಿಶ್ವವಿದ್ಯಾನಿಲಯದವರು ಸಾಸಿವೆ ಗಿಡಗಳ ನಡುವೆ ಡೀಸೆಲ್ ಹೊಗೆಯನ್ನೂ ಓಝೋನನ್ನೂ ಹರಿಯಬಿಟ್ಟು ನೋಡಿದರು. ಚಿಟ್ಟೆ, ಜೇನು, ನೊಣ ಮೊದಲಾದ ಪರಾಗವಾಹಕಗಳ ಸಂಖ್ಯೆ ಶೇಕಡಾ 70ರವರೆಗೂ ಕುಸಿಯಿತು. ಕಾನೂನು ಸುರಕ್ಷಿತವೆನ್ನುವ ಮಿತಿಯೊಳಗೇ ಆ ಹೊಗೆ ಇತ್ತೆಂಬುದು ಗಮನಾರ್ಹ. ಮನುಷ್ಯನ ಶ್ವಾಸಕೋಶವನ್ನು ಎದುರಿಗಿಟ್ಟುಕೊಂಡು ಬರೆದ ಮಿತಿ ಕೀಟದ ಕುಡಿಮೀಸೆಗೆ ಹೊಂದುವುದಾದರೂ ಹೇಗೆ?

ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಇಂಧನ ಸಾಗಿಸುವ ಕೊಳವೆ ಮಾರ್ಗದ ಪಂಪಿಂಗ್ ಠಾಣೆಯೊಂದು ನೆರಿಯದಲ್ಲಿಯೇ ಇದೆ. ಡೀಸೆಲ್ ಊರಿನ ನೆಲದಡಿಯಲ್ಲಿ ಸಾಗಿದರೆ, ಅದನ್ನು ಉರಿಸುವ ಲಾರಿಗಳು ಪಕ್ಕದ ಘಾಟಿಯನ್ನು ಏರಿಳಿಯುತ್ತವೆ. ಆ ರಸ್ತೆಯನ್ನು ಅಗಲಿಸುವ ಮಾತು ಬಂದಾಗಲೆಲ್ಲ ಮರಗಳನ್ನು ಎಣಿಸಲಾಗುತ್ತದೆ. ಹೂವಿನ ಗಂಧವನ್ನು ಗಣಿಸುವವರಿಲ್ಲ.

ವಿಷದ ಪಾಠವಂತೂ ಈ ಸೀಮೆಗೆ ಹೊಸತಲ್ಲ. ಬೆಳ್ತಂಗಡಿ ತಾಲ್ಲೂಕಿನದೇ ಆದ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಗಿತ್ತು. ಸರ್ವೋಚ್ಚ ನ್ಯಾಯಾಲಯ 2011ರ ಮೇ ತಿಂಗಳಲ್ಲಿ ಅದನ್ನು ದೇಶದಾದ್ಯಂತ ತಡೆಯುವ ಹೊತ್ತಿಗೆ ಮನೆಮನೆಗಳಲ್ಲಿ ಮಕ್ಕಳು ನರಳುತ್ತಿದ್ದರು. ನರಗಳ ಉದ್ರೇಕವನ್ನು ತಣಿಸುವ ಗಾಬಾ ಎಂಬ ರಾಸಾಯನಿಕದ ಕಾರ್ಯಕ್ಕೆ ಆ ವಿಷ ತಡೆಯೊಡ್ಡುತ್ತದೆ. ಕುಡಿಮೀಸೆಯಿಂದ ಬಂದ ವಾಸನೆಗಳನ್ನು ಕೀಟದ ಮಿದುಳು ಬೇರ್ಪಡಿಸಿಕೊಳ್ಳುವುದೂ ಇದೇ ಗಾಬಾದ ನೆರವಿನಿಂದ.

ಈಗ ತೋಟದ ಬದುಗಳಿಗೆ ಸಿಂಪಡಿಸುವ ಕಳೆನಾಶಕದ ಸರದಿ. ಇಲ್ಲಿ ಕೆಡುವುದು ಕುಡಿಮೀಸೆಯಲ್ಲ, ಅದು ಹುಡುಕುವ ಗಿಡ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳು ಈಶ್ವರಿ ಬಳ್ಳಿ ಮತ್ತು ಅದರ ಬಂಧುಗಳ ಎಲೆಯನ್ನಲ್ಲದೆ ಬೇರೇನನ್ನೂ ತಿನ್ನದು. ಈ ಕುಟುಂಬದ ಹೆಣ್ಣು ಚಿಟ್ಟೆಗಳು ಮುಂಗಾಲಿನಿಂದ ಎಲೆಯನ್ನು ತಟ್ಟಿ, ರುಚಿ ನೋಡಿಯೇ ಮೊಟ್ಟೆಯಿಡುತ್ತವೆ. ಬೇಲಿಯಲ್ಲಿ ಬಳ್ಳಿಯೇ ಸುಟ್ಟುಹೋದ ಮೇಲೆ ಅಷ್ಟೆಲ್ಲ ಇಂದ್ರಿಯಗಳಿದ್ದು ಫಲವೇನು? ಬೇಲಿಗೆ ಕತ್ತಿಯೇ ಸಾಕು. ಕತ್ತಿ ಸವರಿದ ಬಳ್ಳಿ ಮಳೆಗೆ ಮತ್ತೆ ಚಿಗುರುತ್ತದೆ. ಕೂಲಿಯಾಳು ಸಿಗುವುದಿಲ್ಲವೆಂಬ ಕೃಷಿಕರ ಅಳಲು ಸುಳ್ಳಲ್ಲ. ಆದರೆ ಪಂಚಾಯತಿಯು ಉದ್ಯೋಗ ಖಾತರಿಯಂತಹ ಕೆಲಸಗಳ ಬಲದಿಂದ ರಸ್ತೆಬದಿಯ ಬೇಲಿಗಳನ್ನಾದರೂ ವಿಷವಿಲ್ಲದೆ ಸವರಿಸಲು ಸಾಧ್ಯವಿದೆ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ನಿರ್ಣಯವಾಗಿ ಮಂಡಿಸಲು ಯಾವ ಪ್ರಯೋಗಶಾಲೆಯ ವರದಿಗೂ ಕಾಯಬೇಕಾಗಿಲ್ಲ.