ಗಾಡಿ ಕೇಳಿದರೆ ಗಂಟೂ ಹೊರಬೇಕೆ?

ಬಸ್ಸಿನ ನೂಕುನುಗ್ಗಲು ಸಾಕಾಗಿ, 'ಸಾಲ ಆದರೂ ಸರಿ, ಒಂದು ಸ್ಕೂಟರ್ ತಗೊಂಡುಬಿಡೋಣ' ಅಂದುಕೊಳ್ಳದ ಪ್ರಯಾಣಿಕ ನಮ್ಮ ಊರಿನಲ್ಲಿ ಸಿಗಲಾರ. ನಮ್ಮ ಬಳಗದವರೊಬ್ಬರು ಮೊನ್ನೆ ಚೀಟಿ ಹಣ ಎತ್ತಿಕೊಂಡು ಶೋರೂಮಿಗೆ ಹೋದರು. "ಗಾಡಿ ಒಂದೇ ಸಾಕು, ಬೇರೇನೂ ಬೇಡ" ಎಂದರು. "ಬರೀ ಗಾಡಿ ಕೊಡೋದಿಲ್ಲ ಸಾರ್. ಕಿಟ್ ಸಮೇತ ಆದ್ರೆ ನಾಳೆಯೇ ಡೆಲಿವರಿ. ಬೇಡ ಅಂದ್ರೆ ಎರಡು ತಿಂಗಳು ಕಾಯ್ಬೇಕು" ಎಂಬ ಉತ್ತರ ಬಂತು!

ಏನಪ್ಪಾ ಈ ಕಿಟ್ಟು? ಸೀಟ್ ಕವರು, ರಬ್ಬರ್ ಮ್ಯಾಟು, ಕ್ರ್ಯಾಶ್ ಗಾರ್ಡು, ಮೈಗೆ ಬಳಿಯುವ ಪಾಲಿಶು. ಬೇಕಾದವರು ಪೇಟೆಯ ಅಂಗಡಿಯಲ್ಲಿ ಚೌಕಾಸಿ ಮಾಡಿ ಕೊಳ್ಳಬಹುದಾದ ಸಾಮಾನುಗಳೇ.

ಇನ್ನೂ ಸೋಜಿಗ ಕೇಳಿ. ಅದೇ ಪಟ್ಟಿಯಲ್ಲಿ ಸೀರೆ ಗಾರ್ಡಿಗೂ ಹಿಂದೆ ಕೂರುವವರ ಹಿಡಿಕೆಗೂ ಬೇರೆ ಬೇರೆ ದರ! 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಹಿಡಿಕೆ, ಕಾಲಿಡುವ ಜಾಗ, ಹಿಂದಿನ ಚಕ್ರದ ಅರ್ಧವನ್ನಾದರೂ ಮುಚ್ಚುವ ರಕ್ಷಣೆ ಗಾಡಿಯಲ್ಲೇ ಇರಬೇಕು. ಗಾಡಿ ಕೊಳ್ಳುವಾಗ ತಯಾರಕರು ಹೆಲ್ಮೆಟ್ ಒದಗಿಸಬೇಕೆಂದು 138ನೇ ನಿಯಮ ಹೇಳುತ್ತದೆ. ಕೊಡಬೇಕಾದ್ದಕ್ಕೆ ಬೆಲೆ, ಬೇಡವಾದದ್ದಕ್ಕೆ ಬಲವಂತ. ಇದು ಯಾವ ಸೀಮೆ ವ್ಯಾಪಾರ ಸ್ವಾಮೀ?

ವಿಮೆಯದೂ ಇದೇ ಕಥೆ. ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆ 2018ರ ಸೆಪ್ಟೆಂಬರಿನಿಂದ ಕಡ್ಡಾಯ, ನಿಜ. ಆದರೆ ಅದನ್ನು ಯಾವ ಕಂಪನಿಯಿಂದ ಮಾಡಿಸಬೇಕು ಎಂಬುದು ಕೊಳ್ಳುವವನ ಇಷ್ಟ. ಶೋರೂಮಿನ ಮೇಜಿನ ಮೇಲೇ ಮಾಡಿಸಬೇಕು ಎಂದೇನಿಲ್ಲ.

ಅಂಗಡಿ ಮಾಲೀಕರೇ, ಈ ಕಾಟ ನಿಮಗೂ ಹೊಸದಲ್ಲ. ಓಡುವ ಮಾಲು ಬೇಕಾದರೆ ಓಡದ ಮಾಲನ್ನೂ ಎತ್ತಿ ಎಂದು ಏಜೆನ್ಸಿಯವರು ನಿಮ್ಮ ಕುತ್ತಿಗೆಗೆ ಕಟ್ಟುವುದಿಲ್ಲವೇ? ಯೂರಿಯಾ ಕೇಳಿದ ರೈತನ ಕೈಗೆ ಬೇಡದ ಬಾಟಲಿಯೊಂದು ಬರುವುದೂ ಹೀಗೆಯೇ. ಮೇಲಿನವನು ಕೆಳಗಿನವನಿಗೆ ದಾಟಿಸುತ್ತಾನೆ. ಕೊನೆಗೆ ಹೊರುವವನು ಗಿರಾಕಿ.

ಒಂದು ಸಾಮಾನು ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎನ್ನುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಿತ ವ್ಯಾಪಾರ ಪದ್ಧತಿ ಎಂದೇ ಹೆಸರಿಸಿದೆ. ಅದರ ಮೇಲೆ ದೂರು ಕೊಡಬಹುದು. ಆದ್ದರಿಂದ ಮುಂಗಡ ಕೊಡುವ ಮೊದಲೇ ಪ್ರತಿಯೊಂದಕ್ಕೂ ಬೇರೆ ಬೇರೆ ದರ ಬರೆದ ಕೊಟೇಶನ್ ಕೇಳಿ. ಬೇಡವಾದದ್ದನ್ನು ಅಲ್ಲೇ ಹೊಡೆದುಹಾಕಿಸಿ. ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಟ್ಟ ಹಣ 5 ಲಕ್ಷ ರೂ. ದಾಟದಿದ್ದರೆ ಅರ್ಜಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ.

ಶೋರೂಮಿನವರಿಗೂ ಮೇಲಿನಿಂದ ಒತ್ತಡ ಇದ್ದೀತು. ಹಾಗಿದ್ದರೆ ಕಂಪನಿಯ ಹತ್ತಿರ ಜಗಳ ಆಡಲಿ. ಚೀಟಿ ಎತ್ತಿ ಬಂದ ಬಡ ಗಿರಾಕಿಯ ಜೇಬಿಗೆ ಕೈ ಹಾಕುವುದು ಬೇಡ. ಸಾರಿಗೆ ಕಚೇರಿಯ ಅಧಿಕಾರಿಗಳು ಒಂದು ದಿನ ಸಾಮಾನ್ಯ ಗಿರಾಕಿಗಳಂತೆ ಹೋಗಿ "ಬರೀ ಗಾಡಿ ಕೊಡಿ" ಎಂದು ಕೇಳಿ ನೋಡಲಿ. ಯಾವ ಉತ್ತರ ಬರುತ್ತದೋ ಅವರಿಗೇ ಗೊತ್ತಾಗುತ್ತದೆ.