ಲೆಕ್ಕದ ಮೂಲೆ: ಸಂದು ಮುಚ್ಚಿ, ಉಸಿರಾಟದ ಕಿಂಡಿ ಮುಚ್ಚಬೇಡಿ

ಗಡಿಯಾರ ಒಂದು ಗಂಟೆ ಹಿಂದೆ ಹೋಯ್ತು. ಬ್ರಿಟನ್ನಿನಲ್ಲಿ ಇನ್ನು ಹೀಟಿಂಗ್ ಬಿಲ್ಲಿನ ಕಾಲ. ಊರಲ್ಲಿ ಗಾಳಿ ಬರಲಿ ಅಂತ ಗವಾಕ್ಷಿ ಇಡ್ತೀವಿ. ಇಲ್ಲಿನ ಹಳೇ ಬಾಡಿಗೆ ಮನೆಗಳಲ್ಲಿ ನಾವು ಕಾಸು ಕೊಟ್ಟು ಬಿಸಿ ಮಾಡಿದ ಗಾಳಿ ಕೇಳದೆ ಬೀದಿಗೆ ಹೋಗುತ್ತೆ.

ಒಂದು ಸಣ್ಣ ಲೆಕ್ಕ. ಮುಂಬಾಗಿಲಿನ ಅಗಲ 76 ಸೆಂ.ಮೀ., ಕೆಳಗಿನ ಸಂದು ಬರೀ 3 ಮಿ.ಮೀ. ಅಂತ ಇಟ್ಟುಕೊಳ್ಳಿ. ಗುಣಿಸಿದರೆ ಸುಮಾರು 23 ಚದರ ಸೆಂ.ಮೀ. ಅಂದರೆ ಬಾಗಿಲಿಗೆ ಹೆಚ್ಚುಕಡಿಮೆ 5 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ತೂತು ಕೊರೆದ ಹಾಗೆ! ಇದನ್ನು ಹಾಗೇ ಬಿಟ್ಟು ಕೆಲವರು ಕರೆಂಟ್ ಹೀಟರ್ ತರ್ತಾರೆ. 2 ಕಿಲೋವ್ಯಾಟ್ ಹೀಟರ್ ಗಂಟೆಗೆ 2 ಯೂನಿಟ್ ತಿನ್ನುತ್ತೆ; ಇಲ್ಲಿ ಕರೆಂಟಿನ ಯೂನಿಟ್ಟು ಗ್ಯಾಸಿನ ಯೂನಿಟ್ಟಿಗಿಂತ ಹಲವು ಪಟ್ಟು ದುಬಾರಿ. ಆದ್ದರಿಂದ ಮೊದಲು ಸೋರಿಕೆ ನಿಲ್ಲಿಸಿ.

ಪತ್ತೆ ಮಾಡೋದು ಸುಲಭ. ಗಾಳಿ ಜೋರಾಗಿರುವ ದಿನ ಊದಿನಕಡ್ಡಿ ಹಚ್ಚಿ, ಕರ್ಟನ್ನಿಗೆ ತಾಗದಂತೆ ಕಿಟಕಿ-ಬಾಗಿಲುಗಳ ಅಂಚಿನಲ್ಲಿ ಹಿಡಿಯಿರಿ. ಹೊಗೆ ಎಲ್ಲಿ ವಾಲುತ್ತೋ ಅಲ್ಲಿ ಸಂದಿದೆ.

ಕಿಟಕಿ ತೆರೆಯುವ ಭಾಗದ ಸುತ್ತ ಅಂಟಿಸುವ ಫೋಮ್ ಪಟ್ಟಿ ಹಾಕಿ. ಬಾಗಿಲ ಕೆಳಗೆ ಹಳೇ ಪಂಚೆ ಸುತ್ತಿಟ್ಟರೂ ಸಾಕು. ಸಂಜೆಯಾದ ಕೂಡಲೇ ದಪ್ಪ ಕರ್ಟನ್ ಎಳೆಯಿರಿ, ಆದರೆ ಅದು ರೇಡಿಯೇಟರ್ ಮೇಲೆ ಇಳಿಬೀಳಬಾರದು. ಬಿಸಿಯೆಲ್ಲ ಗಾಜಿನ ಕಡೆಗೇ ಹೋಗುತ್ತೆ. ಲೆಟರ್‌ಬಾಕ್ಸಿಗೆ ಬ್ರಷ್ ಹಾಕಿಸೋದು, ಉಪಯೋಗಿಸದ ಚಿಮಣಿ ಮುಚ್ಚಿಸೋದು ಇವಕ್ಕೆ ಮನೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಪಡೆಯಿರಿ.

ಈಗ ಮುಖ್ಯ ಮಾತು. ಒಂದೇ ಮನೆಯಲ್ಲಿ ಐದಾರು ಜನ ಇರುವ ಕಡೆ, ಚಳಿ ತಾಳಲಾರದೆ ಗೋಡೆಯ ಜಾಲರಿಗೂ ರಟ್ಟು ಇಟ್ಟು ಟೇಪ್ ಸುತ್ತುವ ಅಭ್ಯಾಸವಿದೆ. ದಯವಿಟ್ಟು ಮಾಡಬೇಡಿ. ಗ್ಯಾಸ್ ಬೆಂಕಿಗೂ ಹಳೇ ಬಾಯ್ಲರಿಗೂ ಆ ಗಾಳಿ ಬೇಕು. ಅದು ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೇ ಹೋಗಬಹುದು. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಕರಿಕೆ ಬಂದು, ಹೊರಗೆ ಹೋದಾಗ ಕಡಿಮೆಯಾದರೆ ಅನುಮಾನ ಪಡಿ. ಗ್ಯಾಸ್ ಆಫ್ ಮಾಡಿ, ಕಿಟಕಿ ತೆಗೆದು, ಎಲ್ಲರೂ ಹೊರಗೆ ಬಂದು 0800 111 999ಕ್ಕೆ ಫೋನ್ ಮಾಡಿ. ಇಂಗ್ಲೆಂಡಿನಲ್ಲಿ ಬಾಯ್ಲರ್ ಇರುವ ಕೋಣೆಗೆ ಇದರ ಅಲಾರಂ ಹಾಕಿಸೋದು 2022ರ ಅಕ್ಟೋಬರ್‌ನಿಂದ ಮಾಲೀಕರ ಹೊಣೆ. ಇಲ್ಲದಿದ್ದರೆ ಇವತ್ತೇ ಕೇಳಿ.

ಕಿಟಕಿ ಮೇಲಿನ ಸಣ್ಣ ಗಾಳಿಕಿಂಡಿಯನ್ನೂ ಮುಚ್ಚಬೇಡಿ. ಕುಕ್ಕರಿನ ಹಬೆ, ಒಳಗೆ ಒಣಹಾಕಿದ ಬಟ್ಟೆಯ ತೇವ ಹೋಗಲು ದಾರಿಯಿಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತೆ.

ಕೊನೆಗೆ, ಮನೆಯ ಇ.ಪಿ.ಸಿ. ಪತ್ರ ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತೆ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ವಿನಾಯಿತಿ ಇಲ್ಲದ ಬಾಡಿಗೆ ಮನೆಗೆ ಕನಿಷ್ಠ 'ಇ' ದರ್ಜೆ ಇರಲೇಬೇಕು. ಹೊಸ ಮನೆಗೆ ಅಡ್ವಾನ್ಸ್ ಕೊಡುವ ಮುಂಚೆ ಅದನ್ನು ನೋಡಿ. ಬಾಡಿಗೆ ಕಡಿಮೆ ಅಂತ ಹೋದ ಮನೆ ಜನವರಿ ಬಿಲ್ಲಿನಲ್ಲಿ ದುಬಾರಿ ಆಗಬಾರದಲ್ಲ.